ಚೆನ್ನಿಯಪ್ಪನ ತೊಟ್ಟಿಗೆ ಬಿದ್ದ ಬೆಳ್ಳಿ

ತಿರುಪ್ಪೂರಿನಲ್ಲಿ ನೊಯ್ಯಲ್ ನದಿಯ ಕಡೆಗಿರುವ ಬಣ್ಣದ ಕಾರ್ಖಾನೆಯೊಂದರಲ್ಲಿ ಚೆನ್ನಿಯಪ್ಪನ್ ಎಂಬವನಿದ್ದಾನೆ. ಅವನ ಕೆಲಸ ಕ್ರಿಮಿ ಸಾಕುವುದು. ಸಂಬಳದ ಚೀಟಿಯಲ್ಲಿ ಹಾಗೆ ಬರೆದಿಲ್ಲ. ಅಲ್ಲಿ 'ಆಪರೇಟರ್' ಎಂದಿದೆ. ಬಟ್ಟೆಗೆ ಬಣ್ಣ ಹಾಕಿದ ಮೇಲೆ ಉಳಿಯುವ ಕೊಳೆನೀರು ಅವನ ತೊಟ್ಟಿಗೆ ಬರುತ್ತದೆ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅಲ್ಲಿ ಆ ಕೊಳೆಯನ್ನು ತಿಂದು ನೀರನ್ನು ತಿಳಿ ಮಾಡುತ್ತವೆ. ಅವು ಸಾಯದಂತೆ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು.

ತಿರುಪ್ಪೂರು, ಕೊಯಮತ್ತೂರು ಸೇರಿದ ಕೊಂಗುನಾಡಿನ ಜನ ಬೈಯುವಾಗಲೂ ಬಹುವಚನ ಬಿಡುವುದಿಲ್ಲ. 'ನೀವೊಂದು ಕತ್ತೆ ಕಣ್ರೀ' ಎಂದು ಹೇಳಿ, ಹೇಳಿದ ಮೇಲೆ ಕಾಫಿ ಕುಡಿದು ಹೋಗಿ ಎಂದು ಒತ್ತಾಯ ಮಾಡಬಲ್ಲವರು. ಚೆನ್ನಿಯಪ್ಪನ್ ಈ ಮರ್ಯಾದೆಯನ್ನು ಸೂಕ್ಷ್ಮದರ್ಶಕದ ಕೆಳಗಿನವರೆಗೂ ಒಯ್ದಿದ್ದ. ತೊಟ್ಟಿಯ ಜೀವಿಗಳನ್ನು ಅವನು 'ಅವು' ಎಂದದ್ದನ್ನು ನಾನು ಒಮ್ಮೆಯೂ ಕೇಳಿಲ್ಲ.

"ಇವತ್ತು ಅವರಿಗೆ ಹಸಿವು ಕಡಿಮೆ ಅಮ್ಮಾ. ನಿನ್ನೆ ಕಪ್ಪು ಬಣ್ಣ ಜಾಸ್ತಿ ಬಂತಲ್ಲ, ಹೊಟ್ಟೆ ಭಾರ ಆಗಿದೆ ಅವರಿಗೆ," ಎನ್ನುತ್ತಿದ್ದ.

ನಾನು ಕೊಯಮತ್ತೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸಿದವಳು. ನೀರು ಕೆಟ್ಟಾಗ ಈ ಕಾರ್ಖಾನೆಗಳವರು ನನ್ನನ್ನು ಕರೆಸುತ್ತಾರೆ. ಚೆನ್ನಿಯಪ್ಪನ ಪರಿಚಯ ಹಾಗಾದದ್ದು. ಅವನಲ್ಲಿ ವಿನಯ ಇಲ್ಲ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತಾನೆ, ಗೊತ್ತಿಲ್ಲದ್ದನ್ನು ಇನ್ನೂ ಗಟ್ಟಿಯಾಗಿ. ತನ್ನ ತೊಟ್ಟಿಯವರಿಗೆ ಅಮಾವಾಸ್ಯೆ ತಿಳಿಯುತ್ತದೆ ಎಂಬುದು ಅವನ ಸಿದ್ಧಾಂತ. ಅಮಾವಾಸ್ಯೆಯ ದಿನ ಕಾರ್ಖಾನೆಯ ಅರ್ಧ ಯಂತ್ರಗಳು ನಿಂತಿರುವುದರಿಂದ ಕೊಳೆ ಕಡಿಮೆ ಬರುತ್ತದೆ ಎಂದು ನಾನು ಹೇಳಿದರೆ, "ಅದೂ ಒಂದು ಕಾರಣ ಇರಬಹುದು," ಎಂದು ನನ್ನ ಮೇಲೆ ದಯೆ ತೋರಿಸುತ್ತಿದ್ದ.

ಭಾನುವಾರ ಕಾರ್ಖಾನೆಗೆ ರಜೆ. ಅಂದು ಕೊಳೆ ಬರುವುದಿಲ್ಲ, ತೊಟ್ಟಿಯವರಿಗೆ ಉಪವಾಸ. ಆದ್ದರಿಂದ ಚೆನ್ನಿಯಪ್ಪನ್ ಭಾನುವಾರ ಬೆಲ್ಲ ಕರಗಿಸಿ, ಸೆಗಣಿ ಕದಡಿ ಅವರಿಗೆ ಉಣಿಸಬೇಕು. ಭಾನುವಾರ ಬೀಳುವ ಯಾವ ಮದುವೆಗೂ ಅವನು ಹೋದವನಲ್ಲ. ಹೆಂಡತಿ ಪಾವಾತ್ತಾಳ ಅಣ್ಣ ಶಿವಮಲೈ ಹೊಸಮನೆ ಹೊಕ್ಕ ದಿನ ಊಟದ ಹೊತ್ತಿಗೆ ಬಂದು, ಉಂಡು, ಉಳಿದ ಪಾಯಸವನ್ನು ಒಂದು ಬಕೆಟ್ಟಿನಲ್ಲಿ ಎತ್ತಿಕೊಂಡು ಹೋದ. ಬಾಗಿಲಲ್ಲಿ ನಿಂತ ನೆಂಟರು, ಎಲ್ಲಿಗೆ ಎಂದು ಕೇಳಿದರು. ಅವನು ನಿಜವನ್ನೇ ಹೇಳಿದ. ಶಿವಮಲೈ ಅದನ್ನು ಮರೆತಿಲ್ಲ.

ಶಿವಮಲೈ ಅದೇ ಕಾರ್ಖಾನೆಯಲ್ಲಿ ಬಟ್ಟೆಗೆ ಕೊನೆಯ ಸಂಸ್ಕಾರ ಕೊಡುವ ವಿಭಾಗದ ಮೇಸ್ತ್ರಿ. ಅಚ್ಚುಕಟ್ಟಿನ ಮನುಷ್ಯ. ಶರ್ಟಿನ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳುವವನು. ತಂಗಿಯ ಗಂಡ ಸೆಗಣಿ ಕದಡುವವನು ಎಂಬುದು ಅವನಿಗೆ ಒಂದು ಕೊರಗು. ತಂಗಿಯ ಗಂಡನನ್ನು ಅಲ್ಲಿ 'ಮಾಪ್ಳೆ' ಎನ್ನುತ್ತಾರೆ, ಹೆಂಡತಿಯ ಅಣ್ಣನನ್ನು 'ಮಚ್ಚಾನ್'. ದಿನವೂ ತೊಟ್ಟಿಯ ಕಟ್ಟೆಯ ಪಕ್ಕ ಹಾಯುವಾಗ ಕೇಳುತ್ತಿದ್ದ:

"ಮಾಪ್ಳೆ, ಮಕ್ಕಳ ಊಟ ಆಯ್ತಾ?"

"ಆಯ್ತು ಮಚ್ಚಾನ್. ನಿಮ್ಮ ಮನೆ ಪಾಯಸಕ್ಕಿಂತ ನೀವು ಬಿಡೋ ಕೊಳೆನೀರೇ ರುಚಿಯಂತೆ. ಸಕ್ಕರೆ ಸ್ವಲ್ಪ ಕಮ್ಮಿ ಆಗಿತ್ತಂತೆ ಆವತ್ತು."

ಹೀಗಿರುವಾಗ, ಕೆಲಸದವರು 'ಮೊದಲಾಳಿ' ಎಂದು ಕರೆಯುವ ಮಾಲೀಕ ದಂಡಪಾಣಿಗೆ ಹೊರದೇಶದಿಂದ ಒಂದು ದೊಡ್ಡ ಆರ್ಡರ್ ಬಂತು. ಎಷ್ಟು ದಿನ ಹಾಕಿದರೂ ನಾರದ ಕಾಲುಚೀಲ ಬೇಕಂತೆ. ಬೆಳ್ಳಿಯನ್ನು ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಕಣಗಳಾಗಿ ಮಾಡಿ ನೀರಿನಲ್ಲಿ ತೇಲಿಬಿಟ್ಟ ದ್ರವ ನೀಲಿ ಕ್ಯಾನುಗಳಲ್ಲಿ ಬಂತು. ಅದರಲ್ಲಿ ಬಟ್ಟೆಯನ್ನು ಅದ್ದಿ, ಹಿಂಡಿ, ಬಿಸಿಗಾಳಿಯಲ್ಲಿ ಒಣಗಿಸಿದರೆ ಬೆಳ್ಳಿ ನೂಲಿಗೆ ಅಂಟಿಕೊಳ್ಳುತ್ತದೆ. ಬೆವರಿನಲ್ಲಿ ಹುಟ್ಟುವ ಕ್ರಿಮಿಗಳನ್ನು ಕೊಲ್ಲುತ್ತದೆ. ಕ್ರಿಮಿ ಇಲ್ಲದಿದ್ದರೆ ನಾತ ಇಲ್ಲ. ಶಿವಮಲೈಗೆ ಇದು ತಾನು ಹುಟ್ಟಿದಾಗಿನಿಂದ ಕಾದಿದ್ದ ಕೆಲಸ ಎನಿಸಿತು.

ಈ ವಿದ್ಯೆಗೆ ನಾವು ನ್ಯಾನೊ ಎನ್ನುತ್ತೇವೆ. ತಮಿಳರ ಬಾಯಲ್ಲಿ, ತಮಿಳಿನ ಬರಹದಲ್ಲಿ ಅದು 'ನಾನೋ'. ಕ್ಯಾನಿನ ಮೇಲೂ ಹಾಗೇ ಅಚ್ಚಾಗಿತ್ತು, 'ಏನು, ನಾನೋ?' ಎಂದು ಯಾರೋ ಕೇಳಿದ ಹಾಗೆ. ಮೊದಲ ಲಾರಿ ಬಂದ ದಿನ ಸಾಮಾನು ಇಳಿಸುವವನು, "ಇದು ಯಾರದ್ದು?" ಎಂದ. ಲಾರಿಯವನು ಚೀಟಿ ಓದಿ, "ನಾನೋ," ಎಂದ. "ನಿಂದಾದ್ರೆ ನೀನೇ ಇಳಿಸ್ಕೋ," ಎಂದು ಇವನು ಬೀಡಿ ಹಚ್ಚಿ ಕುಳಿತ.

ಶಿವಮಲೈ ಮೊದಲ ಕಂತಿನ ಒಂದು ಜೊತೆ ಕಾಲುಚೀಲವನ್ನು ವಾರವಿಡೀ ತೊಟ್ಟು, ಬೂಟು ಬಿಚ್ಚಿ, ಸಿಕ್ಕಸಿಕ್ಕವರ ಮೂಗಿನ ಕಡೆ ಕಾಲು ಎತ್ತಿದ. "ಮೂಸಿ ನೋಡ್ರೀ, ನಾಚಿಕೆ ಬೇಡ." ಮಾಲೀಕರೂ ಮೂಸಿದರಂತೆ. ನನಗೂ ಆ ಅವಕಾಶ ಬಂದಿತ್ತು, ನಾನು ಬೇಡವೆಂದೆ. ಮೂಸಿದವರ ಮುಖ ನೋಡಿದರೆ ವಾಸನೆ ನಿಜಕ್ಕೂ ಇರಲಿಲ್ಲ. ಪ್ರಯೋಜನವನ್ನು ಅಲ್ಲಗಳೆಯುವುದು ಸರಿಯಲ್ಲ. ಆ ಆರ್ಡರಿನಿಂದ ಎರಡನೇ ಪಾಳಿ ಶುರುವಾಯಿತು, ಕೆಲಸವಿಲ್ಲದೆ ಕುಳಿತಿದ್ದ ಸುಮಾರು ಹೆಂಗಸರಿಗೆ ಕೆಲಸ ಸಿಕ್ಕಿತು. ನಿತ್ಯ ತೊಳೆಯಬೇಕಿಲ್ಲದ ಬಟ್ಟೆ ಎಂದರೆ ಅಷ್ಟು ನೀರೂ ಉಳಿದಂತೆ.

ಆರ್ಡರ್ ಶುರುವಾಗಿ ಸ್ವಲ್ಪ ದಿನಕ್ಕೆ ಚೆನ್ನಿಯಪ್ಪನ ತೊಟ್ಟಿಗೆ ಕಾಯಿಲೆ ಬಂತು.

ಕಂದು ನೊರೆ ಬಿಳಿಯಾಯಿತು. ಗಾಜಿನ ಜಾಡಿಗೆ ತೊಟ್ಟಿಯ ನೀರು ತುಂಬಿಟ್ಟರೆ ಕೆಸರು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲಬೇಕು. ಈಗ ಇಡೀ ಜಾಡಿ ಹಳಸಿದ ಗಂಜಿಯಂತೆ ಕದಡಿಕೊಂಡೇ ಇತ್ತು. ಚೆನ್ನಿಯಪ್ಪನ್ ಮೊದಲು ಬೆಲ್ಲದ ಅಂಗಡಿಯವನ ಮೇಲೆ ಎರಗಿದ. ಬೆಲ್ಲಕ್ಕೆ ಸುಣ್ಣ ಬೆರೆಸಿದ್ದೀರಿ ಎಂದು ಬಹುವಚನದಲ್ಲಿಯೇ ಜಗಳವಾಡಿ ಅಂಗಡಿ ಬದಲಿಸಿದ. ಆಮೇಲೆ ಸೀಮೆಹಸುವಿನ ಸೆಗಣಿ ಬಿಟ್ಟು, ಸ್ಕೂಟರಿನಲ್ಲಿ ಕಾಂಗೇಯಂವರೆಗೆ ಹೋಗಿ ನಾಟಿ ಹಸುವಿನ ಸೆಗಣಿ ತಂದ. ಅದೂ ಹಿಡಿಯಲಿಲ್ಲ. ಕಣ್ಣು ಬಿದ್ದಿದೆ ಎಂದು ತೊಟ್ಟಿಗೆ ಕುಂಬಳಕಾಯಿ ನಿವಾಳಿಸಿ ಒಡೆದ. ಕುಂಬಳಕಾಯಿಯ ಹೋಳುಗಳು ಪಂಪಿಗೆ ಸಿಕ್ಕಿ ಅರ್ಧ ದಿನ ಪಂಪೂ ನಿಂತಿತು.

ದಂಡಪಾಣಿ ಕರೆಸಿ ಹೇಳಿದ:

"ಚೆನ್ನಿಯಪ್ಪಾ, ಮುಂದಿನ ಗುರುವಾರ ಮಾಲಿನ್ಯ ಮಂಡಳಿ ಅಧಿಕಾರಿಗಳು ನೀರಿನ ಮಾದರಿ ತಗೊಳ್ಳೋಕೆ ಬರ್ತಾರೆ. ಪಾಸಾಗದಿದ್ರೆ ಗೇಟಿಗೆ ಸೀಲು. ಅಷ್ಟೂ ಜನ ಮನೇಲಿ ಕೂರಬೇಕು. ಚೆನ್ನೈಲಿ ಯಾರೋ ಕ್ರಿಮೀನ ಪೊಟ್ಟಣದಲ್ಲಿ ಮಾರ್ತಾರಂತೆ. ಕತ್ತರಿಸಿ ಸುರಿದ್ರೆ ಸಾಕಂತೆ. ಸಾಕೋದಕ್ಕೆ ಆಳೂ ಬೇಡವಂತೆ."

"ಪೊಟ್ಟಣದವರನ್ನ ನಂಬಬೇಡಿ ಮೊದಲಾಳೀ. ಅವರು ಯಾವ ಊರವರೋ ಏನೋ."

"ಗುರುವಾರದವರೆಗೆ ನಿಮ್ಮ ಊರವರನ್ನೇ ನಂಬಿರ್ತೀನಿ ರೀ. ಆಮೇಲೆ ನೀವು ಪಾಯಸ ಯಾರಿಗೆ ಬೇಕಾದ್ರೂ ಕುಡಿಸಿ."

ಹೀಗೆ ಕಾರ್ಖಾನೆಯೂ ಚೆನ್ನಿಯಪ್ಪನ ಕೆಲಸವೂ ಒಂದೇ ಗುರುವಾರಕ್ಕೆ ಜೋತುಬಿದ್ದವು. ನನ್ನನ್ನು ಕರೆಸಿದ್ದು ಆಗ. ನೀರಿನ ಉಪ್ಪು, ಹುಳಿ, ಬಣ್ಣ ಎಲ್ಲ ನೋಡಿದೆ, ಎಲ್ಲವೂ ಮಾಮೂಲಿನಂತೆಯೇ. ಸೂಕ್ಷ್ಮದರ್ಶಕದಲ್ಲಿ ಮಾತ್ರ ಸದಾ ಓಡಾಡುತ್ತಿದ್ದ ಜೀವಿಗಳು ಬೆರಳೆಣಿಕೆಯಷ್ಟು, ಅವೂ ನಿತ್ರಾಣ. ಲೋಹಗಳ ಪರೀಕ್ಷೆಗೆ ಮಾದರಿಯನ್ನು ಕೊಯಮತ್ತೂರಿಗೆ ಕಳಿಸಿದೆ. ಉತ್ತರ ಬರುವುದಕ್ಕೆ ದಿನಗಳು ಬೇಕು. ಅಂದೂ ಗುರುವಾರವೇ, ಗಡುವಿಗೆ ಇನ್ನೊಂದು ವಾರ. ಸಂಜೆ ಚೆನ್ನಿಯಪ್ಪನ್, ಹೋಟೆಲಿನಲ್ಲಿ ಯಾಕೆ ತಿನ್ನುತ್ತೀರಿ ಎಂದು ಮನೆಗೆ ಕರೆದುಕೊಂಡು ಹೋದ.

ಪಾವಾತ್ತಾಳ್ ಇಡ್ಲಿ ಹಿಟ್ಟು ರುಬ್ಬಿ ಸಾಲುಮನೆಗಳ ಕೂಲಿಯವರಿಗೆಲ್ಲ ಮಾರುವವಳು. ಅವಳ ಇಡ್ಲಿಯ ಬಗ್ಗೆ ಬಹಳ ಕೇಳಿದ್ದೆ. ಅಂದು ತಟ್ಟೆಗೆ ಬಿದ್ದ ಇಡ್ಲಿ ಸದ್ದು ಮಾಡಿತು.

"ಬಯ್ಕೋಬೇಡಿ ಅಮ್ಮಾ," ಎಂದಳು. "ಈಚೆಗೆ ಹಿಟ್ಟು ಉಬ್ಬೋದೇ ಇಲ್ಲ. ಗಿರಾಕಿಗಳು ಕಲ್ಲು ಮಾರ್ತಿದೀಯಾ ಅಂತಾರೆ. ಉದ್ದು ಬದಲಾಯಿಸ್ದೆ, ಅಕ್ಕಿ ಬದಲಾಯಿಸ್ದೆ, ಉಪ್ಪೂ ಬದಲಾಯಿಸ್ದೆ. ಇನ್ನು ಬದಲಾಯಿಸದೇ ಇರೋದು ಇವರೊಬ್ಬರನ್ನೇ."

"ನನ್ನ ತೊಟ್ಟೀಗೂ ಹಿಂಗೇ ಆಗಿದೆ. ಮನೆಗೇ ಕಣ್ಣು ಬಿದ್ದಿದೆ," ಎಂದ ಚೆನ್ನಿಯಪ್ಪನ್. "ಎರಡಕ್ಕೂ ಒಂದೇ ಕುಂಬಳಕಾಯಿ ಸಾಕಿತ್ತು."

ಹಿಟ್ಟನ್ನು ಉಬ್ಬಿಸುವುದೂ ಕ್ರಿಮಿಗಳೇ. ನಾನು ಹಿಟ್ಟು ಎಲ್ಲಿಡುತ್ತೀಯೆಂದು ಕೇಳಿದೆ. ಅವಳು ಒಳಗಿನಿಂದ ಒಂದು ದೊಡ್ಡ ನೀಲಿ ಕ್ಯಾನನ್ನು ಎಳೆದು ತಂದಳು. ಬಾಯಿಯ ಕಡೆ ಕೊಯ್ದು ಡಬರಿಯ ಹಾಗೆ ಮಾಡಿತ್ತು.

"ಅಣ್ಣ ಕೊಟ್ಟಿದ್ದು. ಗಟ್ಟಿ ಕ್ಯಾನು. ಸಾಲಿನಲ್ಲಿ ಎಲ್ಲರ ಮನೇಲೂ ಇದೆ, ಕುಡಿಯೋ ನೀರು ತುಂಬಿಡ್ತಾರೆ. ಹುಳ ಆಗಲ್ಲ ಅಂತಾರೆ."

"ತೊಳೆದಿದ್ದಾನಾ?"

"ಅಯ್ಯೋ, ಅಣ್ಣ ತೊಳೆಯದೆ ಕೊಡ್ತಾರಾ ಅಮ್ಮಾ? ಮಿಷನ್ ಪಕ್ಕದ ಮೋರೀಲಿ ಒಂದೊಂದನ್ನೂ ಮೂರು ಸಲ ಗಲಬರಿಸ್ತಾರೆ. ತೊಟ್ಟು ಉಳಿಸಲ್ಲ."

ಚೆನ್ನಿಯಪ್ಪನ್ ಅಗಿಯುವುದನ್ನು ನಿಲ್ಲಿಸಿದ. ಆ ಮೋರಿ ಹೋಗುವುದು ಅವನ ತೊಟ್ಟಿಗೆ.

ನಾನು ವಿವರಿಸಿದೆ. ಕಾಲುಚೀಲದಲ್ಲಿ ಕ್ರಿಮಿ ಕೊಲ್ಲುವ ಬೆಳ್ಳಿಗೆ ಇದು ಕಾಲುಚೀಲ, ಇದು ತೊಟ್ಟಿ, ಇದು ಇಡ್ಲಿ ಹಿಟ್ಟು ಎಂಬ ಭೇದ ತಿಳಿಯುವುದಿಲ್ಲ. ಕ್ಯಾನಿನ ಗೋಡೆಗೂ ಅದು ಅಂಟಿಕೊಂಡಿರುತ್ತದೆ. ಇಷ್ಟು ದಿನ ತಿಂದವರಿಗೆ ಏನಾಗುತ್ತದೆ ಎಂದು ಪಾವಾತ್ತಾಳ್ ಕೇಳಿದಳು. ಹೆಚ್ಚೇನೂ ಆಗಲಾರದು, ಆದರೆ ಖಚಿತವಾಗಿ ಹೇಳುವಷ್ಟು ಯಾರಿಗೂ ಗೊತ್ತಿಲ್ಲ, ಹಿಟ್ಟನ್ನೂ ಕ್ಯಾನನ್ನೂ ಈಗಲೇ ಬಿಡು ಎಂದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವುದು ನನ್ನ ವೃತ್ತಿಯ ಮುಖ್ಯ ಭಾಗ.

ಮರುದಿನ ಬೆಳಿಗ್ಗೆ ಚೆನ್ನಿಯಪ್ಪನ್ ತೊಟ್ಟಿಗೆ ಹೋದಾಗ ಎಲ್ಲ ಮುಗಿದಿತ್ತು. ಸೂಕ್ಷ್ಮದರ್ಶಕದಲ್ಲಿ ಒಂದೂ ಅಲುಗಲಿಲ್ಲ. ಅವನು ಮಾಲೀಕನಿಗೆ ಫೋನು ಮಾಡಿದ. ಆ ಮಾತುಕತೆಯನ್ನು ಆಮೇಲೆ ಇಬ್ಬರೂ ಒಪ್ಪಿದ ಹಾಗೆ ಇಲ್ಲಿ ಬರೆಯುತ್ತೇನೆ.

"ಮೊದಲಾಳೀ, ತೊಟ್ಟೀಲಿದ್ದವರೆಲ್ಲ ಹೋಗ್ಬಿಟ್ರು ರೀ."

"ಯಾರ್ರೀ ಹೋದ್ರು?"

"ಎಲ್ಲರೂ. ಬಗ್ಗಿ ನೋಡ್ದೆ, ಒಬ್ಬರದ್ದೂ ಅಲುಗಾಟ ಇಲ್ಲ."

"ಎಷ್ಟು ಜನ?"

"ಎಣಿಸೋಕಾಗೋ ಲೆಕ್ಕವಾ ಮೊದಲಾಳೀ."

"ದೇವರೇ. ಹೇಗಾಯ್ತು, ಯಾರಿಂದಾಯ್ತು?"

"ನಾನೋ ರೀ."

"ನೀವಾ?"

"ನಾನೋನೇ. ಟೀಚರಮ್ಮ ನಿನ್ನೆ ಸಂಜೆನೇ ಕಂಡುಹಿಡಿದ್ರು. ಶಿವಮಲೈ ಮಚ್ಚಾನ್ ಕೈಯೂ ಇದೆ ಇದರಲ್ಲಿ."

ತೊಟ್ಟಿಗಿಳಿದು ಉಸಿರುಗಟ್ಟಿ ಸತ್ತವರ ಸುದ್ದಿ ಇಂಥ ಊರುಗಳಲ್ಲಿ ಆಗಾಗ ಬರುವಂಥದ್ದು. ದಂಡಪಾಣಿ ನಗುವ ಮಾತೇ ಇರಲಿಲ್ಲ. ಎರಡು ಆಂಬುಲೆನ್ಸ್, ತನ್ನ ವಕೀಲ, ವಕೀಲನ ಕೈಕೆಳಗಿನವನು, ಇಷ್ಟನ್ನು ಕೂಡಿಸಿಕೊಂಡು ಬಂದ. ಯಂತ್ರಗಳನ್ನು ನಿಲ್ಲಿಸಿದ. ಆಂಬುಲೆನ್ಸ್ ಕಂಡು ಕೂಲಿಯ ಹೆಂಗಸರು ಹೊರಗೆ ಓಡಿಬಂದು, ಯಾರು ಸತ್ತದ್ದು ಎಂದು ತಿಳಿಯುವ ಮೊದಲೇ ಅಳತೊಡಗಿದರು. ನಾನು ತಲುಪಿದಾಗ ವಕೀಲ ಚೆನ್ನಿಯಪ್ಪನ ಭುಜ ಹಿಡಿದು, "ಇನ್ನೊಂದು ಮಾತೂ ಆಡಬೇಡಿ, ನಾನೋ ಅಂತ ಇನ್ಯಾರ ಮುಂದೂ ಹೇಳಬೇಡಿ," ಎನ್ನುತ್ತಿದ್ದ.

"ಯಾಕೆ ಹೇಳಬಾರ್ದು? ನಾನೋ ಅಲ್ದೆ ಇನ್ಯಾರು?" ಎಂದು ಇವನು ಬಿಕ್ಕುತ್ತಿದ್ದ.

ಪಾಳಿಯವರನ್ನು ಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. ಎಲ್ಲರೂ ಇದ್ದರು. ಒಬ್ಬ ಹೆಚ್ಚಾಗಿಯೇ ಇದ್ದ. ಅವನು ಆಂಬುಲೆನ್ಸಿನ ಚಾಲಕ.

"ಹಾಗಾದ್ರೆ ಹೋದವರು ಯಾರ್ರೀ?" ಎಂದ ದಂಡಪಾಣಿ.

ಚೆನ್ನಿಯಪ್ಪನ್ ಗಾಜಿನ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದ. "ಇವರು."

ದಂಡಪಾಣಿ ಕಟ್ಟೆಯ ಮೇಲೆ ಕುಳಿತ. ಆಮೇಲೆ ಆಂಬುಲೆನ್ಸಿನವರಿಗೆ ಕಾಫಿ ತರಿಸಿ, ತಾನೂ ಕುಡಿದು, ನಗತೊಡಗಿದ. ವಕೀಲನೂ ನಕ್ಕ, ಅವನ ಶುಲ್ಕಕ್ಕೆ ಸತ್ತವರು ಯಾರೆಂಬುದು ಮುಖ್ಯವಲ್ಲ. ನಾನು ನಗಲಿಲ್ಲ.

"ನಗೋದು ಗುರುವಾರದ ಮೇಲೆ ಇಟ್ಕೊಳ್ಳಿ," ಎಂದೆ. "ತೊಟ್ಟಿ ಸತ್ತರೆ ಕಾರ್ಖಾನೆಯೂ ಸತ್ತ ಹಾಗೇ."

ದಂಡಪಾಣಿಯ ಕಾಫಿ ಅಲ್ಲಿಗೆ ನಿಂತಿತು. ನಾನೋ ನಿಲ್ಲಿಸಿಬಿಡೋಣ, ಆರ್ಡರ್ ವಾಪಸು ಮಾಡೋಣ ಎಂದ. ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಎರಡನೇ ಪಾಳಿಯವರು ಆ ಆರ್ಡರಿನಿಂದಲೇ ಅಲ್ಲಿದ್ದರು. ನಿಲ್ಲಿಸುವುದು ಬೇಡ ಎಂದೆ. ಬೆಳ್ಳಿ ಬಟ್ಟೆಯಲ್ಲಿರಲಿ, ಮೋರಿಯಲ್ಲಿ ಬೇಡ. ಅದ್ದಿ ಉಳಿದ ದ್ರವಕ್ಕೂ ತೊಳೆದ ನೀರಿಗೂ ಬೇರೆಯೇ ಒಂದು ತೊಟ್ಟಿ ಕಟ್ಟಿ, ಅದು ಆಗುವವರೆಗೆ ಡ್ರಮ್ಮುಗಳಲ್ಲಿ ತುಂಬಿಡಿ. ಖಾಲಿ ಕ್ಯಾನುಗಳನ್ನು ತೊಳೆಯದೆ, ಮಾರಿದವನಿಗೇ ವಾಪಸು ಕಳಿಸಿ. ಇದೇ ಬೆಳ್ಳಿ ಪುಡಿಯಾಗಿ ಅಗ್ಗಕ್ಕೆ ಬರುತ್ತದೆಂದು ಯಾರಾದರೂ ಬಂದರೆ ಗೇಟಿನಿಂದಲೇ ಕಳಿಸಿ. ದ್ರವ ಚೆಲ್ಲಿದರೆ ಒರೆಸಬಹುದು, ಪುಡಿ ಹಾರಿದರೆ ಎದೆಗೆ ಹೋಗುತ್ತದೆ.

ಒಪ್ಪದವನು ಶಿವಮಲೈ ಒಬ್ಬನೇ.

"ತೊಳೆಯದೆ ಕ್ಯಾನು ಕಳಿಸೋದಾ ಅಮ್ಮಾ? ನಾಳೆ ಅವರು ತಿರುಪ್ಪೂರಿನವರು ಗಲೀಜು ಅಂದ್ರೆ? ಈ ನೊರೆಯೊಳಗಿನ ಹುಳುಗಳಿಗೋಸ್ಕರ ನಾನು ಗಲೀಜಾಗಬೇಕಾ?"

ನದಿಯ ವಿಚಾರ ಹೇಳಿದೆ. ಕ್ಯಾನಿನಲ್ಲಿ ನೀರು ಕುಡಿಯುವ ಮಕ್ಕಳ ವಿಚಾರ ಹೇಳಿದೆ. ತಲೆ ತಗ್ಗಿಸಿದ, ಒಪ್ಪಲಿಲ್ಲ. ಕೊನೆಗೆ, "ನೀನು ದಿನಾ ಮೋರಿಗೆ ಸುರೀತಿರೋದು ಬೆಳ್ಳಿ," ಎಂದೆ. "ಗೆಜ್ಜೆ ಮಾಡೋ ಬೆಳ್ಳಿ. ಉಳಿದ ದ್ರವ ಎತ್ತಿಟ್ಟರೆ ನಾಳೆಯ ಬಟ್ಟೆಗೆ ಆಗುತ್ತೆ."

ಅವನ ಮುಖ ಬಿಳಚಿಕೊಂಡಿತು. ಕೊಂಗುನಾಡಿನವನಿಗೆ ಕೊಳೆ ಮಾಡಿದೆ ಎಂದರೆ ತಾಳಿಕೊಂಡಾನು, ದುಂದು ಮಾಡಿದೆ ಎಂದರೆ ತಾಳಲಾರ. "ಮೊದಲೇ ಹೇಳಬಾರ್ದಿತ್ತಾ ಅಮ್ಮಾ," ಎಂದು ಮೋರಿಯ ಕಡೆ ನೋಡುತ್ತ ನಿಂತ.

ಸತ್ತ ಕೆಸರನ್ನು ಹೊರತೆಗೆದು ವಿಷಕಸದ ಲಾರಿಗೆ ಕೊಟ್ಟಾಯಿತು. ಇನ್ನು ತೊಟ್ಟಿಗೆ ಹೊಸ ಹೆಪ್ಪು ಬೇಕು. ಮೊಸರಿಗೆ ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆ, ಬದುಕಿರುವ ಇನ್ನೊಂದು ತೊಟ್ಟಿಯ ಕೆಸರು ತಂದು ಹಾಕಬೇಕು. ಎರಡು ಗೇಟಿನಾಚೆಯ ಕಾರ್ಖಾನೆಯ ತೊಟ್ಟಿಯನ್ನು ಕಾಳಿಯಣ್ಣನ್ ಎಂಬವನು ನೋಡಿಕೊಳ್ಳುತ್ತಾನೆ. ಯಾರ ತೊಟ್ಟಿ ಮೇಲು ಎಂದು ಅವನಿಗೂ ಚೆನ್ನಿಯಪ್ಪನಿಗೂ ಹಳೆಯ ಪೈಪೋಟಿ. ಚೆನ್ನಿಯಪ್ಪನ್ ಗರ್ವ ನುಂಗಿಕೊಂಡು ಹೋದ. ಬರಿಗೈಯಲ್ಲಿ, ಆದರೆ ಸಮಾಧಾನದ ಮುಖದಲ್ಲಿ ವಾಪಸು ಬಂದ.

"ಕೊಡಲಿಲ್ಲ ಅಮ್ಮಾ. ಇವತ್ತು ಶುಕ್ರವಾರ ಅಲ್ವಾ, ಹೆಪ್ಪು ಹೊರಗೆ ಕೊಟ್ರೆ ಲಕ್ಷ್ಮಿ ಹೋಗ್ಬಿಡ್ತಾಳೆ."

"ಅದು ಮೊಸರಲ್ಲ. ಚರಂಡಿಯ ಕೆಸರು."

"ಹೆಪ್ಪು ಅಂದ್ರೆ ಹೆಪ್ಪೇ. ನಾನಾಗಿದ್ರೂ ಕೊಡ್ತಿರಲಿಲ್ಲ. ಮನುಷ್ಯ ನ್ಯಾಯವಾಗೇ ಹೇಳ್ದ."

ನಾಳೆ ತರೋಣ ಎನ್ನುವಂತಿರಲಿಲ್ಲ. ಶನಿವಾರ ನಸುಕಿಗೆ ಕಾಳಿಯಣ್ಣನ್ ಪಳನಿಗೆ ಹೊರಡುವವನು, ಬರುವುದು ಸೋಮವಾರ. ಗುರುವಾರದೊಳಗೆ ತೊಟ್ಟಿ ಕುದುರಬೇಕಾದರೆ ಹೆಪ್ಪು ಅಂದೇ ಬೀಳಬೇಕು. ಅವನ ಮಾಲೀಕನಿಂದ ನಾನು ಹೇಳಿಸುತ್ತೇನೆ ಎಂದೆ. ಶಿವಮಲೈ ತಡೆದ.

"ಮೇಲಿನವರು ಹೇಳಿದ್ರೆ ಕೊಡ್ತಾನೆ ಅಮ್ಮಾ. ತಳದಲ್ಲಿ ಕೊಳೆತದ್ದನ್ನ ಕೊಡ್ತಾನೆ. ಬಿಡಿ, ಸಾಯಿಸಿದವನು ನಾನು. ನಾನೇ ಹೋಗ್ತೀನಿ."

ತಲೆ ಬಾಚಿಕೊಂಡು, ತಟ್ಟೆಯಲ್ಲಿ ವೀಳ್ಯದೆಲೆ, ಬಾಳೆಹಣ್ಣು, ಅರಿಶಿನ, ಹೂವು ಇಟ್ಟುಕೊಂಡು ಹೊರಟ. ಹಿಂದೆ ಚೆನ್ನಿಯಪ್ಪನ್, ಅವನ ಹಿಂದೆ ನಾನು. ಇವನು ಏನು ಮಾಡುತ್ತಾನೆಂದು ನನಗೂ ತಿಳಿದಿರಲಿಲ್ಲ. ಕಾಳಿಯಣ್ಣನ್ ತನ್ನ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಕಡಲೆಕಾಯಿ ತಿನ್ನುತ್ತಿದ್ದ.

"ಕಾಳಿಯಣ್ಣಾ, ಹೆಪ್ಪು ಕೇಳೋಕೆ ಬಂದಿಲ್ಲ ರೀ," ಎಂದ ಶಿವಮಲೈ. "ಹೆಣ್ಣು ಕೇಳೋಕೆ ಬಂದಿದೀವಿ."

"ನನಗಿರೋದು ಇಬ್ಬರೂ ಗಂಡುಮಕ್ಕಳು."

"ಅವರಲ್ಲ. ತೊಟ್ಟೀಲಿ ಇದ್ದಾರಲ್ಲ, ಅವರು."

ಕಾಳಿಯಣ್ಣನ್ ಕಡಲೆಕಾಯಿ ಪಕ್ಕಕ್ಕಿಟ್ಟ. ಪಂಚೆ ಸರಿಮಾಡಿಕೊಂಡು ಹೆಣ್ಣಿನ ತಂದೆಯ ಹಾಗೆ ಕುಳಿತ.

"ಶುಕ್ರವಾರ ಹೆಣ್ಣಿನ ಮಾತು ಆಡಬಾರ್ದು ಅಂತ ಎಲ್ಲೂ ಇಲ್ಲ. ಗಂಡಿನ ಮನೆ ಹೇಗೆ?"

"ದೊಡ್ಡ ಮನೆ. ನೀರಿಗೆ ಬರ ಇಲ್ಲ. ಅತ್ತೆ ಮಾವ ಎಲ್ಲ ಇವತ್ತೇ ತೀರ್ಕೊಂಡ್ರು, ಕಾಟ ಕೊಡೋರೂ ಇಲ್ಲ."

"ಹೇಗೆ ತೀರ್ಕೊಂಡ್ರು?"

ಶಿವಮಲೈ ತಟ್ಟೆಯನ್ನು ಕಟ್ಟೆಯ ಮೇಲಿಟ್ಟ. "ನನ್ನ ಕೈಯಿಂದಾನೇ."

"ನಿಜ ಹೇಳಿದ್ರಿ, ಸಂತೋಷ. ನಾನು ಮೊದಲೇ ಕೇಳಿದ್ದೆ," ಎಂದ ಕಾಳಿಯಣ್ಣನ್. ಅವನ ಧ್ವನಿಯಲ್ಲಿ ಈಗ ತಮಾಷೆ ಇರಲಿಲ್ಲ. "ಇವರನ್ನ ಬೆಳೆಸೋಕೆ ನಾನು ಎಷ್ಟು ಕಷ್ಟ ಪಟ್ಟಿದೀನಿ ಅಂತ ನಿಮ್ಮ ಮಾಪ್ಳೆನ ಕೇಳಿ, ಹೇಳ್ತಾರೆ. ನಮ್ಮ ಹುಡುಗಿ ಮೇಲೆ ಒಂದು ತೊಟ್ಟು ಬೆಳ್ಳಿ ಬೀಳಬಾರ್ದು. ಈ ತಟ್ಟೆ ಮುಟ್ಟಿ ಮಾತು ಕೊಡಿ. ಇಲ್ಲಾಂದ್ರೆ ತಟ್ಟೆ ಎತ್ಕೊಂಡು ಹೋಗಿ."

ಶಿವಮಲೈ ತಟ್ಟೆ ಮುಟ್ಟಿ ಮಾತು ಕೊಟ್ಟ. ಚೆನ್ನಿಯಪ್ಪನ್ ಪಕ್ಕದಲ್ಲಿ ನಿಂತು ಮೂಗು ಒರೆಸಿಕೊಂಡ. ನಾನು ಬದುಕಿನಲ್ಲಿ ಎಷ್ಟೋ ಸುರಕ್ಷತಾ ನಿಯಮಗಳನ್ನು ಬರೆದಿದ್ದೇನೆ, ಗೋಡೆಗೆ ಅಂಟಿಸಿದ್ದೇನೆ. ಯಾರೂ ಅವುಗಳನ್ನು ಮುಟ್ಟಿ ಮಾತು ಕೊಟ್ಟದ್ದು ನೆನಪಿಲ್ಲ. ಕೊಟ್ಟ ಹೆಣ್ಣನ್ನು ಗೋಳು ಹೊಯ್ದುಕೊಂಡವರೆಂಬ ಹೆಸರು ಆ ಕಡೆಯ ಯಾವ ಮನೆತನಕ್ಕೂ ಬೇಡ.

ಟ್ಯಾಂಕರ್ ತುಂಬಿತು. ಕಾಳಿಯಣ್ಣನ ಹೆಂಡತಿ ಅದರ ಕೊಳವೆಗೆ ಹೂವು ಸುತ್ತಿದಳು. ಶಿವಮಲೈ ಚಾಲಕನ ಪಕ್ಕ ಕುಳಿತು ಬಂದ. ಒಳಗೆ ವಾಸನೆ ಎಷ್ಟಿತ್ತೆಂದರೆ ಇಳಿದ ಮೇಲೆ ಅವನ ಬಳಿಗೆ ಯಾರೂ ಹೋಗಲಿಲ್ಲ. ಶನಿವಾರ ಭಾನುವಾರ ಅವನೇ ಬೆಲ್ಲ ಕುಟ್ಟಿದ. ಚೆನ್ನಿಯಪ್ಪನ್ ಕಟ್ಟೆಯ ಮೇಲೆ ಕುಳಿತು ಮೇಸ್ತ್ರಿಕೆ ಮಾಡಿದ.

"ಇನ್ನೂ ಸಣ್ಣಕೆ ಕುಟ್ಟಿ ಮಚ್ಚಾನ್. ಹೊಸದಾಗಿ ಬಂದವರು, ಹೆಂಟೆ ಹೆಂಟೆ ಹೇಗೆ ತಿಂತಾರೆ?"

ಇತ್ತ ನೀಲಿ ಕ್ಯಾನುಗಳನ್ನು ವಾಪಸು ಪಡೆಯುವುದು ಇನ್ನೊಂದು ಕೆಲಸವಾಯಿತು. ಸಾಲುಮನೆಗಳಲ್ಲಿ ಯಾರೂ ಕೊಡಲೊಲ್ಲರು. ಒಳ್ಳೆಯ ಕ್ಯಾನನ್ನು ಕಿತ್ತುಕೊಳ್ಳುವುದಕ್ಕೆ ಟೀಚರಮ್ಮ ಕಥೆ ಕಟ್ಟಿದ್ದಾಳೆ ಎಂದರು. ದಂಡಪಾಣಿ ಪಾತ್ರೆ ಅಂಗಡಿಯಿಂದ ಸ್ಟೀಲ್ ಕೊಡಗಳನ್ನು ತರಿಸಿ, ಕ್ಯಾನು ಕೊಟ್ಟವರಿಗೆ ಕೊಡ ಎಂದ. ಮಧ್ಯಾಹ್ನದೊಳಗೆ ಕ್ಯಾನುಗಳ ಗುಡ್ಡವೇ ಬಿತ್ತು. ಅದರಲ್ಲಿ ನಮ್ಮ ಕಾರ್ಖಾನೆಯದ್ದಲ್ಲದ ಕ್ಯಾನುಗಳೂ ಸಾಕಷ್ಟಿದ್ದವು. ದಂಡಪಾಣಿ ನನ್ನ ಮುಖ ನೋಡಿದ. ಎಲ್ಲವನ್ನೂ ತೂತು ಹೊಡೆಸಿ ಎಂದಷ್ಟೇ ಹೇಳಿದೆ. ಕೊಯಮತ್ತೂರಿನ ವರದಿಯೂ ಆ ಹೊತ್ತಿಗೆ ಬಂತು. ಬೆಳ್ಳಿ, ನಾವೆಣಿಸಿದ್ದಕ್ಕಿಂತ ಹೆಚ್ಚು.

ಬುಧವಾರ ಜಾಡಿಯಲ್ಲಿ ಕೆಸರು ಇಳಿಯಿತು. ಮೇಲೆ ನಿಂತ ನೀರು ತಿಳಿಯೆಂದು ಹೇಳುವಂತಿರಲಿಲ್ಲ, ಆದರೆ ಆಚೆ ಬದಿಯ ಬೆರಳು ಕಾಣುತ್ತಿತ್ತು. ಗುರುವಾರ ಅಧಿಕಾರಿ ಬಂದ, ಬಾಟಲಿ ತುಂಬಿಕೊಂಡ. ಚೆನ್ನಿಯಪ್ಪನ್ ಅವನ ಹಿಂದೆಯೇ ಸುತ್ತುತ್ತ, "ಅಲ್ಲಿ ಬೇಡ ಸಾರ್, ಅಲ್ಲಿ ಅವರು ಮಲಗಿದಾರೆ, ಈ ಕಡೆ ತುಂಬಿ," ಎಂದು ತಲೆ ತಿಂದ. ಮಾದರಿಯನ್ನು ಎಲ್ಲಿಂದ ತೆಗೆಯಬೇಕೆಂದು ಅವನು ಹೇಳಿಕೊಡುವ ಹಾಗಿಲ್ಲ. ಅಧಿಕಾರಿ ಅವನು ಬೇಡವೆಂದ ಕಡೆಯಿಂದಲೇ ತುಂಬಿಕೊಂಡು ಹೋದ. ಫಲಿತಾಂಶ ಬರುವವರೆಗೆ ತಾನು ಉಣ್ಣಲಿಲ್ಲ ಎಂದು ಚೆನ್ನಿಯಪ್ಪನ್ ಹೇಳುತ್ತಾನೆ. ಪಾವಾತ್ತಾಳ್ ಹೇಳುವುದು ಬೇರೆ: ಸ್ಟೀಲ್ ಕೊಡದಲ್ಲಿ ಹುದುಗಿದ ಮೊದಲ ಹಿಟ್ಟಿನ ಇಡ್ಲಿಯನ್ನು ಅವನು ತಿಂದ ರೀತಿ ನೋಡಿ ಗಿರಾಕಿಗಳಿಗೆ ಉಳಿಯುತ್ತದೋ ಇಲ್ಲವೋ ಎಂದು ಹೆದರಿದಳಂತೆ.

ನೀರು ಪಾಸಾಯಿತು. ಅಂಚಿನಲ್ಲಿ, ಆದರೆ ಪಾಸು. ಗೇಟಿಗೆ ಸೀಲು ಬೀಳಲಿಲ್ಲ, ಪೊಟ್ಟಣದವರು ಬರಲಿಲ್ಲ.

ಬೆಳ್ಳಿಯ ನೀರಿಗೆ ಈಗ ಬೇರೆ ತೊಟ್ಟಿ ಇದೆ. ಶಿವಮಲೈಯ ಯಂತ್ರಕ್ಕೂ ಮೋರಿಗೂ ನಡುವೆ ಒಂದು ಕವಾಟ, ಕವಾಟಕ್ಕೆ ಬೀಗ. ಬೀಗದ ಕೈ ಚೆನ್ನಿಯಪ್ಪನ ಸೊಂಟದಲ್ಲಿರಬೇಕೆಂದು ಬರೆಸಿದವಳು ನಾನು. ಬೆಳ್ಳಿಯ ದ್ರವದ ಪಾಳಿ ಮುಗಿದು, ಉಳಿದದ್ದನ್ನು ಎತ್ತಿಟ್ಟು, ಬೆಳ್ಳಿ ಸೇರದ ಮಾಮೂಲಿ ನೀರನ್ನು ಮೋರಿಗೆ ಬಿಡಬೇಕಾದರೆ ಶಿವಮಲೈ ಪ್ರತಿ ಸಂಜೆ ಬಂದು ಕೇಳಬೇಕು.

"ಕೀಲಿ ಕೊಡಿ ಮಾಪ್ಳೆ."

"ಕಾಫಿ ಕುಡೀತಿದೀನಿ ಮಚ್ಚಾನ್. ಕೂತ್ಕೊಳ್ಳಿ."

ಕಳೆದ ಸಲ ನಾನು ಹೋದಾಗಲೂ ಶಿವಮಲೈ ಹಾಗೆ ಕಟ್ಟೆಯ ಮೇಲೆ ಕಾದು ಕುಳಿತಿದ್ದ. ಚೆನ್ನಿಯಪ್ಪನ್ ಲೋಟ ಹಿಡಿದುಕೊಂಡೇ ನನ್ನನ್ನು ಕೇಳಿದ:

"ಅಮ್ಮಾ, ಆ ಕಾಲುಚೀಲ ಕೊಂಡವರು ಎಂದಾದರೂ ಒಂದಿನ ಅದನ್ನ ಒಗೀತಾರಲ್ಲ. ಆಗ ಬೆಳ್ಳಿ ಅವರ ಮೋರಿಗೆ ಹೋಗುತ್ತಲ್ಲ. ಅಲ್ಲಿನ ತೊಟ್ಟೀಲಿ ಇರೋವರ ಗತಿ?"

ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ, ಎಷ್ಟು ಹೋದರೆ ಹೆಚ್ಚು ಎಂದು ಇನ್ನೂ ಅಳೆಯುತ್ತಿದ್ದಾರೆ ಎಂದೆ.

"ಅಲ್ಲಿ ಕೀಲಿ ಯಾರ ಹತ್ರ ಇದೆ?"

"ಗೊತ್ತಿಲ್ಲ," ಎಂದೆ.

ಅವನು ಮಿಕ್ಕ ಕಾಫಿ ಕುಡಿದು, ಸೊಂಟದಿಂದ ಕೀಲಿ ಬಿಚ್ಚಿ ಶಿವಮಲೈಗೆ ಕೊಟ್ಟ. ಕೊಟ್ಟವನು ಸುಮ್ಮನೆ ಕೂರಲಿಲ್ಲ. ಹಿಂದೆಯೇ ಎದ್ದು ಹೋಗಿ, ಕವಾಟದ ಬಳಿ ಬಗ್ಗಿ ನಿಂತು, ಮೋರಿಗೆ ಬೀಳುವ ನೀರನ್ನು ಕಡೆಯವರೆಗೂ ನೋಡಿದ.